ಸಾಲಿ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದೇನೆ, ಆದರೆ ದಿನವಿಡೀ ಸೂಜಿ-ದಾರ, ಕತ್ತರಿ-ಅಂಟು. ಇದು ಸರಿನಾ?

ಎರಡು ಜಡೆ (ಕಲಬುರಗಿ), ಭಾನುವಾರ ರಾತ್ರಿ 10:40

ಮಕ್ಕಳಿಬ್ಬರೂ ಮಲಗಿದ್ದಾರೆ. ನೆಲದ ತುಂಬ ಮಣಿ, ಕಾಲಿಟ್ಟರೆ ಚುಚ್ಚುತ್ತವೆ. ಗುಡಿಸುವ ತ್ರಾಣ ಇಲ್ಲ, ಅದಕ್ಕೇ ಇಲ್ಲಿ ಬರೆಯಲು ಕೂತೆ.

ದೊಡ್ಡವಳಿಗೆ ಈಗ ಎಂಟು ತುಂಬಿತು, ಸಣ್ಣವಳಿಗೆ ಐದು. ದೊಡ್ಡವಳದು ಎಡಗೈ. ಒಂದನೇ ಕ್ಲಾಸಿನಲ್ಲಿ ದಿನಾ ಪೆನ್ಸಿಲ್ ಕಿತ್ತು ಬಲಗೈಗೆ ಕೊಡುತ್ತಿದ್ದರಂತೆ. ನಮಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಹೋಂವರ್ಕ್‌ಗೆ ಕೂತಾಗ ಎಡಗೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂರಲು ಶುರು ಮಾಡಿದಳು. ಆಗ ಗೊತ್ತಾಯಿತು. ಕೇಳಲು ಹೋದರೆ 'ನಿಮ್ಮ ಒಳ್ಳೇದಕ್ಕೇ ಮೇಡಂ' ಅಂದರು. ಕಳೆದ ಜೂನ್‌ನಿಂದ ಮನೆಯಲ್ಲೇ ಇದ್ದಾಳೆ, ನಾನೇ ಕಲಿಸುತ್ತೇನೆ.

ಬೆಳಿಗ್ಗೆ ಬಿಸಿಲೇರುವ ಮುಂಚೆ ಓದು-ಲೆಕ್ಕ ಅಂತ ಟೈಂಟೇಬಲ್ ಹಾಕಿದ್ದೆ. ಎರಡು ತಿಂಗಳು ನಡೀತು. ಈಗ ಎದ್ದ ತಕ್ಷಣ ಕತ್ತರಿ ಹುಡುಕುತ್ತಾರೆ. ಓಣಿಯ ಟೇಲರ್ ಕೊಡುವ ತುಂಡು ಬಟ್ಟೆಯಿಂದ ಗೊಂಬೆ, ಗೊಂಬೆಗೆ ಸೀರೆ, ಮದುವೆ ಕಾರ್ಡಿನಿಂದ ಗೊಂಬೆಗೆ ಮನೆ. ಓದೋದು ಚೆನ್ನಾಗಿ ಬಂತು, ಕನ್ನಡ ಕಥೆ ತಾನೇ ಓದಿ ತಂಗಿಗೆ ಹೇಳುತ್ತಾಳೆ. ಮಗ್ಗಿ ಮಾತ್ರ ಐದಕ್ಕೇ ನಿಂತಿದೆ. ಆರರ ಮಗ್ಗಿ ಅಂದರೆ ಅಳು.

ಮೊನ್ನೆ ನಮ್ಮ ಅತ್ತೆ (ಮಕ್ಕಳು ಆಯಿ ಅಂತಾರೆ) ಒಂದು ಮಾತು ಅಂದರು: 'ನನಗ ನಾಕನೇತ್ತಕ್ಕ (ನಾಲ್ಕನೇ ಕ್ಲಾಸಿಗೆ) ಸಾಲಿ ಬಿಡಿಸಿ, ಕೈಯಾಗ ಸೂಜಿ ಕೊಟ್ಟು ಕುಂದ್ರಸಿದ್ರು. ನೀ ಓದಿದಾಕಿ. ನೀನೂ ಅದೇ ಮಾಡ್ಲಿಕತ್ತಿ ನೋಡು.' ಅವತ್ತಿಂದ ನಿದ್ದೆ ಸರಿಯಾಗಿಲ್ಲ.

ಜೂನ್ ಹತ್ತಿರ ಬಂತು. ವಾಪಸ್ ಶಾಲೆಗೆ ಹಾಕಬೇಕಾ, ಹೀಗೇ ಮುಂದುವರಿಸಬೇಕಾ?

ತೊಗರಿ ಕಣಜ (ಆಳಂದ)

ಮೊದಲು ಮಣಿ ಗುಡಿಸಿಬಿಡಿ ಅಕ್ಕಾ, ಆಮೇಲೆ ಚರ್ಚೆ. ಐದು ವರ್ಷದವರು ಮೂಗಿಗೆ ಹಾಕಿಕೊಳ್ಳುತ್ತಾರೆ. ಅನುಭವದ ಮಾತು, ಡಾಕ್ಟರ್ ಹತ್ತಿರ ಹೋಗಿ ತೆಗೆಸಿದ್ದೇವೆ.

ಹತ್ತಿ ಹೊಲ (ಯಾದಗಿರಿ)

ನಾನು ಸರ್ಕಾರಿ ಶಾಲೆಯಲ್ಲಿ ಕಲಿಸುತ್ತೇನೆ. ಕೋಪ ಮಾಡಿಕೊಳ್ಳಬೇಡಿ ಅಕ್ಕಾ, ನಿಮ್ಮ ಅತ್ತೆ ಹೇಳಿದ್ದೇ ಸರಿ.

2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ರಾಜ್ಯಕ್ಕೇ ಕೊನೆ ನಮ್ಮ ಜಿಲ್ಲೆ. ಹೆಣ್ಣುಮಕ್ಕಳದು ಶೇ. 41 ಚಿಲ್ಲರೆ. ಹತ್ತಿ ಬಿಡಿಸುವ ಕಾಲ ಬಂದರೆ ಕ್ಲಾಸು ಅರ್ಧ ಖಾಲಿ. ಗುಳೆ ಹೋದ ಮನೆಗಳಿಗೆ ಬೀಗ. ನಾವು ತಾಂಡಾ ತಾಂಡಾ ತಿರುಗಿ 'ಹುಡುಗಿನ್ನ ಕಳ್ಸ್ರಿ, ಊಟ ಐತಿ, ಪುಸ್ತಕ ಐತಿ' ಅಂತ ಕೈಮುಗಿದು ಕರೆದುಕೊಂಡು ಬರುತ್ತೇವೆ. ಅಲ್ಲಿ ಅವ್ವಂದಿರು ಕೇಳೋದು ಒಂದೇ: 'ಹೆಣ್ಣು ಹುಡುಗಿಗಿ ಸಾಲಿ ಯಾಕ್ರಿ ಅಕ್ಕೋರೆ, ಮನ್ಯಾಗೇ ಕೆಲಸ ಕಲೀಲಿ.' ಈಗ ಓದಿದವರು ಅದನ್ನೇ ಹೋಂಸ್ಕೂಲಿಂಗ್ ಅಂತ ಇಂಗ್ಲಿಷ್ ಹೆಸರಿಟ್ಟು ಮಾಡಿದರೆ ನಾನು ಅವರಿಗೆ ಏನು ಉತ್ತರ ಕೊಡಲಿ?

ಫರಸಿ ಬಂಡೆ (ಶಹಾಬಾದ)

ಅದು ಬೇರೆ ಇದು ಬೇರೆ ಅಕ್ಕೋರೆ. ಅವರು ಹುಡುಗೀನ ಕೆಲಸಕ್ಕೆ ಹಚ್ಚಲು ಬಿಡಿಸಿದ್ದು. ಇವರು ಮಗು ಒಳಗೇ ಬಾಡಿ ಹೋಗುತ್ತಿದೆ ಅಂತ ಬಿಡಿಸಿದ್ದು. ಕೈ ಮೇಲೆ ಕೂರುವ ಮಗುವನ್ನು ನೆನೆಸಿಕೊಳ್ಳಿ ಒಮ್ಮೆ.

ಹತ್ತಿ ಹೊಲ

ನೆನೆಸಿಕೊಂಡೆ. ಅದಕ್ಕೇ ಶಾಲೆ ಬದಲಿಸಿ ಅಂತೀನಿ, ಶಾಲೇನೇ ಬಿಡಿಸಿ ಅಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಡಗೈ ಕಿತ್ತು ಬಲಗೈಗೆ ಕೊಡೋದು ಇನ್ನೇನು?

ಮುತ್ಯಾನ ಕೋಲು (ಚಿತ್ತಾಪುರ)

ನಮ್ಮ ಕಾಲದಲ್ಲಿ ಮಾಸ್ತರ್ ಬೆರಳ ಸಂದಿಗೆ ಪೆನ್ಸಿಲ್ ಇಟ್ಟು ಒತ್ತುತ್ತಿದ್ದರು. ಎಡಚರೆಲ್ಲ ಬಲಚರಾದರು. ಯಾರೂ ಸಾಯಲಿಲ್ಲ.

ಫರಸಿ ಬಂಡೆ

ಮುತ್ಯಾ, ಸಾಯಲಿಲ್ಲ ಅನ್ನೋದು ಪಾಸ್ ಮಾರ್ಕ್ಸಾ?

ಬಿಸಿಲೂರು (ಕಲಬುರಗಿ)

ಕಾನೂನಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಜಗಳ ನಾಳೆವರೆಗೂ ಹೋಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1. 6ರಿಂದ 14 ವರ್ಷದ ಮಕ್ಕಳಿಗೆ. ಅದರಲ್ಲಿ ಮನೆಶಾಲೆಯ ಹೆಸರೇ ಇಲ್ಲ, ಮಾಡಿ ಅಂತಲೂ ಇಲ್ಲ, ಮಾಡಬೇಡಿ ಅಂತಲೂ ಇಲ್ಲ. ಆದರೆ ಶಾಲೆಯ ಲೆಕ್ಕದಲ್ಲಿ ನಿಮ್ಮ ಮಗಳು 'ಹೊರಗುಳಿದ ಮಗು'. ಒಂದಿನ ಶಿಕ್ಷಣ ಇಲಾಖೆಯ ಸಿಆರ್‌ಪಿ ಮನೆ ಬಾಗಿಲಿಗೆ ಬಂದು ಕೇಳಬಹುದು, ಗಾಬರಿ ಆಗಬೇಡಿ.

ನಿಮಗೆ ಅನುಕೂಲ ಆಗುವುದು 4ನೇ ಕಲಮು. ನಡುವೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಎಂಟು ವರ್ಷ ಅಂದರೆ ಮೂರನೇ ತರಗತಿ. ಟಿಸಿ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಸಣ್ಣವಳಿಗೆ ಇನ್ನೂ ಅವಸರ ಇಲ್ಲ, ಒಂದನೇ ತರಗತಿಗೆ ಜೂನ್ 1ಕ್ಕೆ 6 ತುಂಬಿರಬೇಕು.

ಮನೆಯಲ್ಲೇ ಮುಂದುವರಿಸುವುದಾದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್ ಇದೆ. ಮುಕ್ತ ಬೇಸಿಕ್ ಶಿಕ್ಷಣದಲ್ಲಿ ಎ, ಬಿ, ಸಿ ಅಂತ ಮೂರು ಹಂತ, ಮೂರನೇ, ಐದನೇ, ಎಂಟನೇ ತರಗತಿಗೆ ಸಮ. ಹತ್ತನೆಯದಕ್ಕೆ 14 ತುಂಬಿರಬೇಕು.

ಭೀಮಾ ದಂಡೆ (ಅಫಜಲಪುರ)

ಎಲ್ಲರೂ ಒಂದು ಮರೆತಿದ್ದೀರಿ. 371ಜೆ, ಸಂವಿಧಾನದಲ್ಲಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ! ನಮ್ಮ ಭಾಗದ ಕಾಲೇಜು ಸೀಟುಗಳಲ್ಲಿ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಆ ಸರ್ಟಿಫಿಕೇಟ್ ಮಾಡಿಸಲು ಹೋದಾಗ ಮೊದಲು ಕೇಳೋದೇ ವ್ಯಾಸಂಗ ಪ್ರಮಾಣಪತ್ರ.

ಬಿಸಿಲೂರು

ಇಲ್ಲೇ ಹುಟ್ಟಿದವರಿಗೆ ಹುಟ್ಟಿನ ಆಧಾರದ ಮೇಲೂ ಸಿಗುತ್ತದೆ ಅಣ್ಣಾ. ಜನನ ಪ್ರಮಾಣಪತ್ರ ಜೋಪಾನವಾಗಿ ಇಟ್ಟರಾಯಿತು. ಶಾಲೆ ಕಾಗದ ಇದ್ದರೆ ಓಡಾಟ ಕಡಿಮೆ, ಅದು ನಿಜ. ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸುವ ಆಸೆ ಇದ್ದರೆ ಮಾತ್ರ ಈಗಲೇ ಎಚ್ಚರ ಬೇಕು. ಆರನೇ ತರಗತಿ ಪ್ರವೇಶಕ್ಕೆ 3, 4, 5 ಮಾನ್ಯತೆ ಇರುವ ಶಾಲೆಯಲ್ಲಿ ಓದಿರಬೇಕು ಅಂತಾರೆ.

ತೊಗರಿ ಕಣಜ

ಎಂಟು ವರ್ಷದ ಮಗು ಗೊಂಬೆಗೆ ಸೀರೆ ಹೊಲೀತಾ ಇದೆ, ನೀವು ಆಗಲೇ ಮೆಡಿಕಲ್ ಸೀಟಿಗೆ ಹೋಗಿಬಿಟ್ಟಿರಿ.

ಕೌದಿ ಬುಟ್ಟಿ (ಸೇಡಂ)

ಕಾನೂನು ಅವರು ನೋಡಿಕೊಳ್ಳಲಿ, ನಾನು ಸೂಜಿ ವಿಷಯಕ್ಕೆ ಬರುತ್ತೇನೆ. ನನ್ನ ಮಗಳದೂ ಎಡಗೈ. ಅವಳಿಗೆ ಹೊಲಿಗೆ ಕಲಿಸುವಾಗ ಒಂದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದೆ. ದಾರ ಗಂಟಾಗಿ ಗಂಟಾಗಿ ಇಬ್ಬರಿಗೂ ಸಿಟ್ಟು. ಆಮೇಲೆ ಎದುರುಬದುರು ಕೂತೆವು. ಕನ್ನಡಿ ನೋಡಿದ ಹಾಗೆ ನನ್ನ ಬಲಗೈ ಮಾಡಿದ್ದನ್ನು ಅವಳ ಎಡಗೈ ಮಾಡಿತು. ಹತ್ತು ನಿಮಿಷದಲ್ಲಿ ಬಂತು!

ಕತ್ತರಿ ಇನ್ನೊಂದು ಕಥೆ. ನಮ್ಮ ಮನೆ ಕತ್ತರಿಗಳೆಲ್ಲ ಬಲಗೈಯವು. ಎಡಗೈಯಲ್ಲಿ ಹಿಡಿದರೆ ಒತ್ತಿದಷ್ಟೂ ಎರಡು ಅಲಗು ದೂರ ಸರಿಯುತ್ತವೆ, ಕಾಗದ ಕತ್ತರಿಸುವ ಬದಲು ನಡುವೆ ಮಡಚಿಕೊಳ್ಳುತ್ತದೆ. ಕತ್ತರಿಸುವ ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ನಾವು ಮಗೂಗೆ ಕೈ ತಿರುಗಲ್ಲ ಅಂದುಕೊಳ್ಳುತ್ತೇವೆ. ಎಡಗೈ ಕತ್ತರಿ ಅಂತಲೇ ಬರುತ್ತದೆ, ಆನ್‌ಲೈನ್‌ನಲ್ಲಿ ತರಿಸಿ.

ಮಗ್ಗಿಗೆ ತುಂಡು ಬಟ್ಟೆ ಜೋಡಿಸಿ ಹೊಲಿಯುವ ಕೌದಿ ಹಾಕಿಸಿ. ತಮಾಷೆ ಅಲ್ಲ. ಐದು ಮೊಳ ಉದ್ದ, ಮೂರು ಮೊಳ ಅಗಲ. ಒಂದು ಗೇಣಿನ ಚೌಕ ತುಂಡು. ಮೊಳಕ್ಕೆ ಎರಡು ಗೇಣು. ಹಾಗಾದರೆ ಒಂದು ಸಾಲಿಗೆ ಆರು ತುಂಡು, ಒಟ್ಟು ಹತ್ತು ಸಾಲು. ಪ್ರತಿ ಸಾಲು ಮುಗಿದಾಗ 'ಇಲ್ಲಿಗೆ ಎಷ್ಟು ತುಂಡಾಯಿತು' ಅಂತ ಕೇಳಿ, ಅಷ್ಟೇ. ಆರು, ಹನ್ನೆರಡು, ಹದಿನೆಂಟು… ಅರವತ್ತಕ್ಕೆ ಕೌದಿಯೂ ಮುಗಿಯುತ್ತದೆ, ಆರರ ಮಗ್ಗಿಯೂ ಮುಗಿಯುತ್ತದೆ.

ಎರಡು ಜಡೆ

ಅಯ್ಯೋ ದೇವರೇ. ಕತ್ತರಿ ವಿಷಯ ನನಗೆ ಹೊಳೆದೇ ಇರಲಿಲ್ಲ. ಒಂದು ವರ್ಷದಿಂದ 'ನೆಟ್ಟಗೆ ಕತ್ತರಿಸು' ಅಂತ ಬೈತಿದ್ದೆ. ಅಂದರೆ ನಾನೂ ಆ ಟೀಚರೇ ಆದೆ, ಅಲ್ವಾ.

ಕೋಟೆ ಓಣಿ (ಬೀದರ್)

ಬೈದುಕೊಳ್ಳಬೇಡಿ ತಂಗಿ. ಬಿಸಿಲಿನ ಮಧ್ಯಾಹ್ನಕ್ಕೆ ಒಂದು ಆಟ ಹೇಳುತ್ತೇನೆ, ನನ್ನ ಮಕ್ಕಳು ಅದಕ್ಕೆ 'ಕಾಗದದ ಬಿದ್ರಿ' ಅಂತಾರೆ. ದಪ್ಪ ಬಿಳಿ ಕಾಗದದ ಮೇಲೆ ಬಿಳಿ ಮೇಣದಬತ್ತಿಯಿಂದ ಒತ್ತಿ ಬಳ್ಳಿ, ಹೂವು ಬರೆಯಬೇಕು. ಏನೂ ಕಾಣಲ್ಲ. ಮೇಲೆ ಕಪ್ಪು ವಾಟರ್ ಕಲರ್ ಹಚ್ಚಿದರೆ ಹೂವು ಬೆಳ್ಳಗೆ ಎದ್ದು ಬರುತ್ತದೆ. ಸಣ್ಣವಳು ಮೊದಲ ಸಲ ನೋಡಿದಾಗ ಕಿರುಚುತ್ತಾಳೆ, ನೋಡಿ.

ನಿಜವಾದ ಬಿದ್ರಿಯದೂ ಸುಮಾರಾಗಿ ಅದೇ ಗುಟ್ಟು. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ಯುತ್ತಾರೆ. ಕೆತ್ತಿದ ಗೆರೆಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಾಯಿಸಿದ ನೀರಿನಲ್ಲಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.

ಭೀಮಾ ದಂಡೆ

ಕೋಟೆ ಮಣ್ಣು ಅಂದರೆ ಯಾವ ಮಣ್ಣಾದರೂ ನಡೆಯುತ್ತಾ? ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಚೀಲ ತರೋಣ ಅಂತ.

ಕೋಟೆ ಓಣಿ

ಇಲ್ಲ ಅಣ್ಣಾ. ವರ್ಷಾನುಗಟ್ಟಲೆ ಮಳೆ-ಬಿಸಿಲು ತಾಗದ ಜಾಗದ ಮಣ್ಣೇ ಬೇಕು. ಹಳೇ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಚೀಲ ಹಿಡಿದು ಕೋಟೆಗೆ ಹೋಗಬೇಡಿ, ಅದು ರಕ್ಷಿತ ಸ್ಮಾರಕ, ಕಾವಲುಗಾರ ಬಿಡಲ್ಲ. ಮಕ್ಕಳಿಗೆ ಮೇಣದಬತ್ತಿ ಸಾಕು.

ಇನ್ನೊಂದು ಮಾತು. ಕೈಕೆಲಸ ಅಂದ ತಕ್ಷಣ ಯಾಕೆ ಎಲ್ಲರೂ 'ಹುಡುಗೀನ ಮನೇಲಿ ಕೂರಿಸೋದು' ಅಂತೀರಿ? 2023ರಲ್ಲಿ ಬಿದ್ರಿ ಕೆಲಸಕ್ಕೆ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಕೈಕೆಲಸ ಓದಿಗಿಂತ ಕಡಿಮೆ ಏನಲ್ಲ.

ಹತ್ತಿ ಹೊಲ

ಅದೇ ನಾನು ಹೇಳೋದು ಅಕ್ಕಾ. ಗಂಡಸು ಮಾಡಿದರೆ ಕಲೆ, ಅಂಗಡಿ, ಪ್ರಶಸ್ತಿ. ನಮ್ಮ ಆಯಿಗಳು ಹೊಲಿದ ಕೌದಿಗೆ ಯಾವ ಹೆಸರಿದೆ? ಹರಿದ ಮೇಲೆ ಎಮ್ಮೆ ಕೆಳಗೆ ಹಾಸುತ್ತೇವೆ. ಕೈಕೆಲಸ ಕಡಿಮೆ ಅಂತ ನಾನು ಅಂದಿಲ್ಲ. ಬೇರೆ ದಾರಿ ಇದ್ದೂ ಅದನ್ನು ಆರಿಸಿಕೊಳ್ಳಲಿ. ಆಯಿಗೆ ಆರಿಸಿಕೊಳ್ಳಲು ಏನಿತ್ತು?

ಫರಸಿ ಬಂಡೆ

ಈ ಮಾತು ಒಪ್ಪಿದೆ ಅಕ್ಕೋರೆ. ಮೊದಲ ಸಲ.

ರೊಟ್ಟಿ ತವೆ (ಜೇವರ್ಗಿ)

ಅಂಟಿಗೆ ದುಡ್ಡು ಸುರಿಯಬೇಡಿ. ಮೈದಾ ನೀರಲ್ಲಿ ಕಲಸಿ ಸಣ್ಣ ಉರಿಯಲ್ಲಿ ಕುದಿಸಿ, ಚಮಚಕ್ಕೆ ಅಂಟುವ ಹದಕ್ಕೆ ಇಳಿಸಿ. ನಮ್ಮ ಮಾವ ಪುಸ್ತಕ ಬೈಂಡಿಂಗ್ ಮಾಡುತ್ತಿದ್ದರು, ಹುಳ ಹಿಡಿಯದಂತೆ ಚೂರು ಮೈಲುತುತ್ತ ಹಾಕುತ್ತಿದ್ದರು.

ಕೋಟೆ ಓಣಿ

ಮೈಲುತುತ್ತ ಬೇಡವೇ ಬೇಡ!! ಅದು ವಿಷ. ಬೈಂಡಿಂಗ್ ಅಂಗಡಿಗೆ ಸರಿ, ಐದು ವರ್ಷದ ಮಗು ಬೆರಳು ನೆಕ್ಕುವ ಮನೆಗಲ್ಲ. ಬರೀ ಮೈದಾ ಅಂಟು ಮಾಡಿ, ಎರಡು ದಿನಕ್ಕೆ ಆಗುವಷ್ಟು ಮಾತ್ರ, ಫ್ರಿಜ್‌ನಲ್ಲಿಡಿ.

ರೊಟ್ಟಿ ತವೆ

ಸರಿ ಸರಿ, ತಪ್ಪಾಯಿತು. ಮಾವ ಕೈ ತೊಳೆಯದೆ ಊಟಕ್ಕೆ ಕೂತರೆ ಅತ್ತೆ ಯಾಕೆ ಅಷ್ಟು ಕೂಗುತ್ತಿದ್ದರು ಅಂತ ಈಗ ಗೊತ್ತಾಯಿತು.

ತೊಗರಿ ಕಣಜ

ಈ ಮೇ ತಿಂಗಳಲ್ಲಿ ಕಾಗದದ ಕೆಲಸ ಮಾಡುವವರಿಗೆ ನನ್ನ ನಮಸ್ಕಾರ. ಫ್ಯಾನ್ ಹಾಕಿದರೆ ತುಂಡು ಹಾರುತ್ತವೆ, ಆರಿಸಿದರೆ ಬೆವರು ಹನಿಯುತ್ತದೆ. ಸರ್ಕಾರಿ ಆಫೀಸಿಗೇ ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಬೆಳಿಗ್ಗೆ 8ರಿಂದ 1:30. ನಿಮ್ಮ ಮನೆಶಾಲೆಗೂ ಅದೇ ಟೈಮಿಂಗ್ ಇಡಿ.

ಮುತ್ಯಾನ ಕೋಲು

ಮಣ್ಣೆತ್ತಿನ ಅಮಾವಾಸ್ಯೆ ಬರುತ್ತಿದೆ. ಕಾಗದ ಬಿಡ್ರಿ, ಮಣ್ಣು ಕೊಡ್ರಿ ಮಕ್ಕಳ ಕೈಗೆ. ಒಂದು ಎಚ್ಚರಿಕೆ: ಬರೀ ಎರೆಮಣ್ಣು, ಅಂದರೆ ಹೊಲದ ಕಪ್ಪು ಮಣ್ಣು, ತಂದರೆ ಒಣಗುವಾಗ ಎತ್ತಿನ ಕಾಲು ಸೀಳುತ್ತದೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿ ಬಿಡೋದು ಅದಕ್ಕೇ. ಸಣ್ಣ ಉಸುಕು, ಒಂದಿಷ್ಟು ಸಗಣಿ ಕಲಸಬೇಕು. ನೆರಳಲ್ಲಿ ಒಣಗಿಸಬೇಕು, ಬಿಸಿಲಿಗೆ ಇಡಬಾರದು.

ನನ್ನ ಮೊಮ್ಮಗಳು ಒಂದೊಂದು ಗೇಣಿನ ಮೂರು ಮಣ್ಣಿನ ಪಟ್ಟಿ ಮಾಡಿದಳು. ಒಂದು ಬರೀ ಎರೆಮಣ್ಣು, ಒಂದಕ್ಕೆ ಉಸುಕು, ಒಂದಕ್ಕೆ ಸಗಣಿ. ಒಣಗಿದ ಮೇಲೆ ಸ್ಕೇಲ್ ಹಿಡಿದು ಯಾವುದು ಎಷ್ಟು ಕುಗ್ಗಿತು ಅಂತ ಬರೆದಳು. ಬರೀ ಎರೆಮಣ್ಣಿನದು ಮೂರು ತುಂಡಾಗಿತ್ತು. ಅದು ವಿಜ್ಞಾನ ಅಲ್ಲೇನು?

ಫರಸಿ ಬಂಡೆ

ಮುತ್ಯಾ, ಕೋಲಿನ ಮಾತಿಗಿಂತ ಇದು ಎಷ್ಟೋ ಚೆನ್ನಾಗಿದೆ.

ಮುತ್ಯಾನ ಕೋಲು

ಕೋಲು ನನಗೆ ಊರಿಕೊಳ್ಳಲು ಇರೋದು ತಮ್ಮಾ. ಹಾಗೇ ಹೇಳುತ್ತೇನೆ, ನಾನೂ ಎಡಚನೇ. ಈಗಲೂ ಕಲ್ಲು ಒಗೆಯಬೇಕಾದರೆ ಎಡಗೈಯೇ ಏಳುತ್ತದೆ. ಬರೆಯುವ ಕೈ ಮಾತ್ರ ಅವರು ಕೊಟ್ಟಿದ್ದು.

ಎರಡು ಜಡೆ, ಜೂನ್ ಎರಡನೇ ವಾರ

ಇಷ್ಟು ದಿನ ಬರಲಿಲ್ಲ, ಕ್ಷಮಿಸಿ. ಆಗಿದ್ದು ಹೇಳುತ್ತೇನೆ.

ಎಡಗೈ ಕತ್ತರಿ ತರಿಸಿದೆ. ಮೊದಲ ದಿನ ಏನೂ ಮಾಡಲಿಲ್ಲ, ಬರೀ ಹಳೇ ಪೇಪರ್ ಪಟ್ಟಿ ಪಟ್ಟಿ ಕತ್ತರಿಸುತ್ತಾ ಕೂತಳು. ನೆಟ್ಟಗೆ. ಪೂರಾ ಒಂದು ಪೇಪರ್.

ಆಮೇಲೆ ಕೌದಿ. ಆಯಿ ತಮ್ಮ ಗೇಣಿಗೆ ತುಂಡು ಕತ್ತರಿಸಿದರು, ಇವಳು ತನ್ನ ಗೇಣಿಗೆ. ಜೋಡಿಸಿದರೆ ಇವಳ ಸಾಲು ಅರ್ಧ ದಾರಿಗೇ ಮುಗಿಯಿತು. ಇಬ್ಬರಿಗೂ ಜಗಳ, ಯಾರ ಗೇಣು ಸರಿ ಅಂತ. ಕೊನೆಗೆ ಒಂದು ರಟ್ಟನ್ನು ಆಯಿ ಗೇಣಿನಷ್ಟು ಕತ್ತರಿಸಿ, ಅದನ್ನೇ ಇಟ್ಟು ಅಳೆಯೋದು ಅಂತ ಇವಳೇ ತೀರ್ಪು ಕೊಟ್ಟಳು. ಸೆಂಟಿಮೀಟರ್ ಯಾಕೆ ಬೇಕು ಅಂತ ನಾನು ಇನ್ನು ಹೇಳಿಕೊಡಬೇಕಾಗಿಲ್ಲ.

ಹೊಲಿಯುವಾಗ ಇನ್ನೊಂದು ಗೊತ್ತಾಯಿತು. ಆಯಿ ಬಲಗಡೆಯಿಂದ ಎಡಕ್ಕೆ ಹೊಲಿಯುತ್ತಾರೆ, ಇವಳು ಎಡಗಡೆಯಿಂದ ಬಲಕ್ಕೆ. ಹಾಗಾಗಿ ಒಂದೇ ಸಾಲನ್ನು ಆ ತುದಿಯಿಂದ ಅವರು, ಈ ತುದಿಯಿಂದ ಇವಳು ಹಿಡಿದು ನಡುವೆ ಬಂದು ಸೇರುತ್ತಾರೆ. ಸೇರಿದ ಕಡೆ ಇಬ್ಬರ ದಾರಕ್ಕೂ ಒಂದೇ ಗಂಟು. ಐದು ಸಾಲಾಗಿದೆ. ಮಗ್ಗಿ ಮೂವತ್ತರವರೆಗೆ ಬಂದಿದೆ, ಅಳು ಇಲ್ಲ.

ಒಂದು ಸಂಜೆ ಆಯಿಗೆ ಕೇಳಿದೆ, ನಾಕನೇತ್ತದಲ್ಲಿ ಏನು ಇಷ್ಟ ಇತ್ತು ಅಂತ. 'ನಕಾಶೆ' ಅಂದರು. ಭಾರತದ ನಕಾಶೆ ನೋಡದೇ ಬರೆಯುತ್ತಿದ್ದರಂತೆ. ಸೂಜಿ ಎತ್ತಿಕೊಂಡು ಮತ್ತೆ ಏನೂ ಮಾತಾಡಲಿಲ್ಲ.

ಮರುದಿನ ದೊಡ್ಡವಳನ್ನು ಓಣಿ ಆಚೆಗಿನ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋದೆ. ಮೂರನೆಯದರ ತನಕ ನಲಿ-ಕಲಿ, ಗುಂಪಾಗಿ ನೆಲದ ಮೇಲೆ ಕೂತು ಕಾರ್ಡ್ ಹಿಡಿದು ಕಲಿಯೋದು. ಅಕ್ಕೋರು ಸೀಮೆಸುಣ್ಣ ಕೊಟ್ಟು ಹೆಸರು ಬರಿ ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಬಾಗಿಲ ಕಡೆ ನೋಡಿದೆ. ಎಡಗೈಯಲ್ಲೇ ಬರೆದಳು, ಬಹಳ ಸಣ್ಣದಾಗಿ. ಅಕ್ಕೋರು 'ದೊಡ್ಡದಾಗಿ ಬರಿಯವ್ವ, ಹಿಂದಿನವ್ರಿಗೂ ಕಾಣ್ಲಿ' ಅಂದರು. ಅಷ್ಟೇ.

ಸೋಮವಾರದಿಂದ ಹೋಗುತ್ತಿದ್ದಾಳೆ. ಸಣ್ಣವಳು ಇನ್ನೊಂದು ವರ್ಷ ನನ್ನ ಜೊತೆಗೇ. ಕೌದಿ ಸಂಜೆಗೆ.

ಹತ್ತಿ ಹೊಲ

ಮೂರನೇ ತರಗತಿಗೇ ಹಾಕಿಕೊಂಡರಾ? ಹಿಂದಿನ ಶಾಲೆಯಿಂದ ಅವಳ ದಾಖಲಾತಿಯ ಎಸ್‌ಎಟಿಎಸ್ ನಂಬರ್ ಕೇಳಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಎರಡು ಕಡೆ ತೋರಿಸುತ್ತದೆ. ಮತ್ತೆ… ಆಯಿಗೆ ಒಂದು ಅಟ್ಲಾಸ್ ಕೊಡಿಸಿ ಅಕ್ಕಾ.

ಎರಡು ಜಡೆ

ಮೂರನೆಯದಕ್ಕೇ. ಅಟ್ಲಾಸ್ ಬೇಡವಂತೆ, ಖಾಲಿ ಹಾಳೆ ಕೇಳಿದ್ದಾರೆ.

ರೊಟ್ಟಿ ತವೆ

ಕತ್ತರಿ ಎಷ್ಟಕ್ಕೆ ಬಿತ್ತು? ನಮ್ಮ ತಂಗಿ ಮಗನಿಗೂ ಬೇಕಿತ್ತು.

ತೊಗರಿ ಕಣಜ

ಮಣಿ ಗುಡಿಸಿದಿರಾ?